ತಾಯಿ ಏಡಿಗೆ ಬೀಳ್ಕೊಡುಗೆ

ನನ್ನ ಬಲಗೊಂಬು ಎಡಗೊಂಬಿಗಿಂತ ಅರ್ಧ ಬೆರಳಿನಷ್ಟು ದಪ್ಪ. ಈ ಸಂಗತಿಯನ್ನು ಎಲ್ಲಕ್ಕಿಂತ ಮೊದಲು, ಯಾರಿಗೂ ಸಂದೇಹ ಉಳಿಯದ ಹಾಗೆ, ದಾಖಲಿಸಬೇಕಾಗಿದೆ. ಯಾವ ಅರಸನ ಸೈನ್ಯದಲ್ಲಿ ಎಷ್ಟು ಆನೆಗಳಿದ್ದವು ಎಂದು ಕಲ್ಲಿನಲ್ಲಿ ಕೆತ್ತಿಸಿದವರಿದ್ದಾರೆ. ಏಡಿಯ ಯಾವ ಕೊಂಬು ದಪ್ಪ ಎಂದು ಬರೆದಿಟ್ಟವರು ಒಬ್ಬರೂ ಇಲ್ಲ. ಕೊಂಬು ಎಂದರೆ ನನ್ನ ಮುಂದಿನ ಎರಡು ಇಕ್ಕಳಗಳು. ಬಲದ್ದು ಚಿಪ್ಪು ಒಡೆಯುವುದಕ್ಕೆ, ಎಡದ್ದು ಮಾಂಸ ಕತ್ತರಿಸುವುದಕ್ಕೆ. ಲೋಕದಲ್ಲಿ ಮಾಡಬೇಕಾದ ಕೆಲಸಗಳು ಈ ಎರಡೇ.

ತಲೆಯೆತ್ತಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ನನಗೆ ಪ್ರತ್ಯೇಕವಾದ ತಲೆಯಿಲ್ಲ. ತಲೆ, ಎದೆ ಎರಡೂ ಒಂದೇ ಚಿಪ್ಪಿನ ಕೆಳಗಿವೆ. ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡವರು ಏನು ಸಾಧಿಸಿದ್ದಾರೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಕಾಂಡ್ಲಾ ಕೆಸರಿನ ಒಂದು ಹೆಣ್ಣೇಡಿ. ಹೊಳೆಯ ಉಪ್ಪುನೀರಿನಲ್ಲಿ ಬೇರುಗಳ ಮೇಲೆ ನಿಂತ ಆ ಗಿಡಗಳನ್ನು ನೀವು ದೋಣಿಯಲ್ಲಿ ಕೂತು ಫೋಟೋ ತೆಗೆಯುತ್ತೀರಿ. ಅವುಗಳ ಬುಡದಲ್ಲಿ ನನ್ನ ಮನೆ. ಕೆಸರಲ್ಲಿ ಇರುವವಳು ಕೆಸರಲ್ಲೇ ಹುಟ್ಟಿರಬೇಕು ಎಂದು ನೀವು ತಿಳಿದಿದ್ದೀರಿ. ನಿಮ್ಮ ತಿಳುವಳಿಕೆ ಸಾಮಾನ್ಯವಾಗಿ ಅಷ್ಟು ದೂರವೇ ಹೋಗುವುದು. ನಾನು ಹುಟ್ಟಿದ್ದು ಸಮುದ್ರದಲ್ಲಿ. ತಾಯಿ ಹೊಟ್ಟೆಯಡಿಯ ಮೊಟ್ಟೆಗಳನ್ನು ಹೊತ್ತು ಹೊಳೆಯಿಂದ ಇಳಿದು ಹೋಗಿ, ಉಪ್ಪು ಸರಿಯಾಗಿರುವ ನೀರಿನಲ್ಲಿ ನಮ್ಮನ್ನು ಕೊಡವಿ ಹೋದಳು. ನಾವು ಒಡಹುಟ್ಟಿದವರು ಹತ್ತಿಪ್ಪತ್ತು ಲಕ್ಷ. ಸಾಸಿವೆಗಿಂತ ಚಿಕ್ಕ ಮೈ, ಅದಕ್ಕೆ ಹೊಂದದ ಎರಡು ದೊಡ್ಡ ಕಣ್ಣು, ಬೆನ್ನಿನ ಮೇಲೊಂದು ಮುಳ್ಳು, ಹಿಂದೊಂದು ಬಾಲ. ಆ ರೂಪವನ್ನು ನೋಡಿದರೆ ಏಡಿ ಎಂದು ಏಡಿಯೇ ಹೇಳಲಾರದು.

ಮೊದಲ ದಿನವೇ ಅರ್ಧದಷ್ಟು ಒಡಹುಟ್ಟಿದವರನ್ನು ಮೀನುಗಳು ತಿಂದವು. ಮುಂದಿನ ದಿನಗಳಲ್ಲಿ ಕೆಲವರನ್ನು ನಾನೂ ತಿಂದೆ. ಮನೆತನದ ಬಗ್ಗೆ ನನಗೆ ಹೇಳಲಿಕ್ಕೆ ಇನ್ನೇನೂ ಇಲ್ಲ.

ಮೂರು ವಾರದಲ್ಲಿ ಐದು ಸಲ ಪೊರೆ ಬಿಟ್ಟೆ. ಆಮೇಲೆ ಪುಟ್ಟ ಕೊಂಬುಗಳು ಬಂದವು, ಬಾಲ ಉಳಿದಿತ್ತು. ಅತ್ತ ಏಡಿಯೂ ಅಲ್ಲ ಇತ್ತ ಸಿಗಡಿಯೂ ಅಲ್ಲ ಎಂಬ ಅವಸ್ಥೆ. ಆ ಅವಸ್ಥೆಯಲ್ಲೇ ಉಬ್ಬರದ ನೀರು ಹಿಡಿದು, ಹೊಳೆ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂದೆ. ಐದು ಹೊಳೆಗಳು ಕೂಡುವ ಜಾಗ ಅದು. ದಡದ ಕೇರಿಗೆ ಕಾಂಡ್ಲಕೇರಿ ಎಂದು ಹೆಸರು. ಬೇರಿನ ಸಂದಿಯಲ್ಲಿ ಮೊದಲ ಸಲ ನೆಲ ಮುಟ್ಟಿದಾಗ ಬಾಲ ಮಡಚಿ ಹೊಟ್ಟೆಯಡಿಗೆ ಹೋಯಿತು. ಅಲ್ಲಿಂದ ನಾನು ಏಡಿ.

ಪೊರೆ ಬಿಡುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ಹುಟ್ಟಿದ ಚರ್ಮದಲ್ಲೇ ಸಾಯುವ ಜಾತಿ ನಿಮ್ಮದು. ಅದೇ ಚರ್ಮ ಸುಕ್ಕಾಗುವುದನ್ನು ಕನ್ನಡಿಯಲ್ಲಿ ನೋಡಿ ಮರುಗುತ್ತೀರಿ. ನಾವು ಹಾಗಲ್ಲ. ಚಿಪ್ಪು ಬಿಗಿಯಾಯಿತೋ, ಹಿಂದುಗಡೆ ಒಂದು ಸೀಳು ಬಿಟ್ಟು, ಅದರ ಮೂಲಕ ಹಿಂದುಹಿಂದಕ್ಕೆ ಇಡೀ ಮೈಯನ್ನು ಎಳೆದುಕೊಂಡು ಹೊರಗೆ ಬರುತ್ತೇವೆ. ಕಾಲು, ಕೊಂಬು, ಕಣ್ಣಿನ ಕಡ್ಡಿ, ಹೊಟ್ಟೆಯೊಳಗಿನ ಪದರ ಕೂಡ ಹಳೆಯದನ್ನು ಬಿಟ್ಟು ಬರಬೇಕು. ಅಷ್ಟು ದಪ್ಪದ ಕೊಂಬನ್ನು ಅಷ್ಟು ಸಪೂರದ ಗಂಟಿನಲ್ಲಿ ತೂರಿಸಿ ತೆಗೆಯುವುದು ಸುಲಭವಲ್ಲ. ಸಿಕ್ಕಿಕೊಂಡು ಸತ್ತವರು ಬಹಳ. ಹೊರಗೆ ಬಂದ ಮೇಲೆ ನೀರು ಕುಡಿದು ಮೈ ಉಬ್ಬಿಸಿಕೊಳ್ಳುತ್ತೇವೆ, ಹೊಸ ಚಿಪ್ಪು ಆ ಅಳತೆಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವ ತನಕ ಬೇಯಿಸಿದ ಗೆಣಸಿನಷ್ಟು ಮೆತ್ತಗೆ. ಆಗ ಬಿಲದೊಳಗೆ ಅಡಗಿ ಕೂರಬೇಕು. ಗಟ್ಟಿಯಾದ ಮೇಲೂ ಸ್ವಲ್ಪ ದಿನ ಚಿಪ್ಪಿನೊಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಈ ಮಾತು ನೆನಪಿಡಿ ಎಂದು ನಾನು ಹೇಳುವುದಿಲ್ಲ, ನೀವು ನೆನಪಿಡುವವರಲ್ಲ.

ಇಳಿತದಲ್ಲಿ ಕೆಸರಿನ ಓರೆಯಲ್ಲಿ ಬಿಲ ತೋಡಿಕೊಂಡು ಅದರ ತಳದ ನೀರಿನಲ್ಲಿ ಇರುವುದು, ಉಬ್ಬರದಲ್ಲಿ ಹೊರಬಿದ್ದು ಬಸವನಹುಳು, ಚಿಪ್ಪಿಮೀನು, ಸತ್ತದ್ದು, ಸಾಯಲಿರುವುದು ಎಲ್ಲವನ್ನೂ ತಿನ್ನುವುದು, ಹೀಗೆ ನನ್ನ ಯೌವನ ಕಳೆಯಿತು. ಹಿಂದಿನ ಒಂದು ಜೊತೆ ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆ, ಈಜುವುದಕ್ಕೆ. ಕಿವಿರು ಒದ್ದೆಯಾಗಿದ್ದರೆ ನೀರಿಲ್ಲದೆ ನಾಲ್ಕು ದಿನ ಬದುಕಬಲ್ಲೆ. ನನ್ನ ಈ ಒಂದು ಗುಣದಿಂದಲೇ ನನ್ನ ಜಾತಿಗೆ ದೂರದ ಊರುಗಳ ಹೋಟೆಲುಗಳನ್ನು ನೋಡುವ ಭಾಗ್ಯ ಬಂದದ್ದು.

ಮದುವೆಯ ವಿಷಯ ಚುಟುಕಾಗಿ ಹೇಳುತ್ತೇನೆ, ಅದು ಅಷ್ಟಕ್ಕೇ ಯೋಗ್ಯ. ನಾನು ದೊಡ್ಡವಳಾಗುವ ಪೊರೆ ಬಿಡುವ ಮುಂಚೆ ಒಬ್ಬ ಗಂಡು ಬಂದು ಮೂರು ದಿನ ನನ್ನನ್ನು ಎದೆಯಡಿ ಹಿಡಿದುಕೊಂಡು ತಿರುಗಿದ. ತಾನು ಕಾವಲು ಕಾಯುತ್ತಿದ್ದೇನೆ ಎಂಬ ಭಾವ ಅವನದು. ಪೊರೆ ಬಿಟ್ಟು ನಾನು ಮೆತ್ತಗಿದ್ದಾಗ ಮದುವೆ ಆಯಿತು. ಇನ್ನೆರಡು ದಿನ ಕಾವಲಿದ್ದು, ನನ್ನ ಚಿಪ್ಪು ಗಟ್ಟಿಯಾಗುತ್ತಲೇ ಹೊರಟುಹೋದ. ಗಟ್ಟಿಯಾದ ಹೆಂಡತಿಯ ಜೊತೆ ಇರುವ ಧೈರ್ಯ ನಮ್ಮ ಗಂಡಸರಿಗೂ ಇಲ್ಲ. ಅವನು ಕೊಟ್ಟದ್ದನ್ನು ಒಳಗೆ ಭದ್ರವಾಗಿಟ್ಟೆ. ನಾವು ಅದನ್ನು ತಿಂಗಳುಗಟ್ಟಲೆ ಇಟ್ಟು, ಬೇಕಾದಾಗ ಬಳಸುತ್ತೇವೆ. ಗಂಡನನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ.

ಆ ಮಳೆಗಾಲ ಹೊಳೆ ಪೂರಾ ಸಿಹಿನೀರು. ಮೊಟ್ಟೆಗೆ ಸಿಹಿನೀರು ವಿಷ. ನವರಾತ್ರಿ ಕಳೆದು ಹೊಳೆಗೆ ಮತ್ತೆ ಉಪ್ಪು ಏರಿದಾಗ ನನ್ನೊಳಗೆ ಮೊಟ್ಟೆಯ ಕೆಂಪು ತುಂಬಿತ್ತು. ಸಮುದ್ರಕ್ಕೆ ಇಳಿಯಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಹುಣ್ಣಿಮೆಯ ಮರುದಿನ ಹೊರಡುವುದೆಂದು ತೀರ್ಮಾನಿಸಿ, ಬಿಲದ ಬಾಯಿಗೆ ಬಂದು ನೋಡಿದರೆ ಅಲ್ಲೊಂದು ಕಬ್ಬಿಣದ ಕೊಕ್ಕೆ.

ಕೊಕ್ಕೆಯ ಇನ್ನೊಂದು ತುದಿಯಲ್ಲಿ ಬಚ್ಚಕ್ಕ ಇದ್ದಳು. ಕಾಂಡ್ಲಕೇರಿಯಲ್ಲಿ ಬಿಲದೊಳಗಿನ ಏಡಿಯನ್ನು ಕಾಲು ಮುರಿಯದೆ ಎಳೆಯುವವಳು ಅವಳೊಬ್ಬಳೇ. ಐವತ್ತು ದಾಟಿದ ಮೊಗವೀರರ ಹೆಂಗಸು. ಮಂಡಿಯ ಮೇಲೆ ಕಟ್ಟಿದ ಸೀರೆ, ಬೆರಳುಗಳ ತುಂಬ ನಮ್ಮವರು ಕೊಟ್ಟ ಗುರುತುಗಳು. ಅವಳ ಗಂಡ ಇಲ್ಲ, ಗಂಡನ ತಮ್ಮ ಹೆರಿಯ ಇದ್ದಾನೆ. ಅವನ ಕೆಲಸ ಚೀಲ ಹಿಡಿದು ದಡದಲ್ಲಿ ನಿಂತು ಅಭಿಪ್ರಾಯ ಹೇಳುವುದು.

"ಅತ್ಗೆ, ಬಿಡಿ ಅದನ್ನ್. ನಿನ್ನೆ ಹುಣ್ಮಿ ಆಯ್ತ್. ಹುಣ್ಮಿ ಏಡಿ ಒಳ್ಗ್ ಎಂತ ಇರತ್ತ್? ಬರೀ ನೀರ್, ಪೊಳ್ಳ್" ಎಂದ ಹೆರಿಯ.

"ಹಾಂಗಾರೆ ನಿನ್ ತಲಿಗೆ ವರ್ಷಿಡೀ ಹುಣ್ಮಿ" ಎಂದಳು ಬಚ್ಚಕ್ಕ.

ಅಮಾವಾಸ್ಯೆಗೆ ಏಡಿ ತುಂಬುತ್ತದೆ, ಹುಣ್ಣಿಮೆಗೆ ಖಾಲಿಯಾಗುತ್ತದೆ ಎಂದು ಆ ಕರಾವಳಿಯಲ್ಲಿ ನಂಬದವರಿಲ್ಲ. ಚಂದ್ರನಿಗೆ ಎಷ್ಟೋ ಕೆಲಸ. ಎರಡು ಹೊತ್ತು ಸಮುದ್ರವನ್ನು ಎತ್ತಿ ಇಳಿಸಬೇಕು. ನನ್ನ ತೊಡೆಯೊಳಗೆ ಮಾಂಸ ಎಷ್ಟಿದೆ ಎಂದು ನೋಡಲು ಅವನಿಗೆ ಪುರುಸೊತ್ತಿಲ್ಲ. ಮಾಂಸ ಇರುವುದೂ ಇಲ್ಲದಿರುವುದೂ ಪೊರೆ ಬಿಟ್ಟು ಎಷ್ಟು ದಿನವಾಯಿತು ಎಂಬುದರ ಮೇಲೆ. ಬಚ್ಚಕ್ಕ ಈ ವಾದಕ್ಕೆ ಹೋಗಲಿಲ್ಲ. ನನ್ನನ್ನು ಮಗುಚಿ, ಎದೆಯ ಮೇಲೆ ಪಾದವಿಟ್ಟು, ಕಾಲಿನ ಬುಡದಲ್ಲಿ ಹೆಬ್ಬೆರಳು ಒತ್ತಿ ನೋಡಿದಳು. ಗಟ್ಟಿ. ಹೊಟ್ಟೆಯಡಿಯ ಅಗಲವಾದ ಮುಚ್ಚಳವನ್ನು ಕಂಡಳು. ಗಂಡಿಗೆ ಅದು ಸಪೂರ, ನಮಗೆ ಅಗಲ. ಚಿಪ್ಪಿನ ಸಂದಿಯನ್ನು ಬೆಳಕಿಗೆ ಹಿಡಿದಳು.

"ಕೆಂಪಿತ್ತ್" ಎಂದಳು. ಮತ್ತೆ ಸಣಬಿನ ಹುರಿಯಿಂದ ನನ್ನ ಎರಡೂ ಕೊಂಬುಗಳನ್ನು ಮಡಚಿ ಎಷ್ಟು ಬೇಗ ಬಿಗಿದಳೆಂದರೆ, ನಾನು ಯಾವ ಬೆರಳು ಕಚ್ಚಲಿ ಎಂದು ಯೋಚಿಸುವಷ್ಟರಲ್ಲಿ ಗಂಟು ಬಿದ್ದಿತ್ತು. ಜೀವನದಲ್ಲಿ ಮನುಷ್ಯರ ಒಂದು ಕೆಲಸವನ್ನು ನಾನು ಮೆಚ್ಚಿದ್ದಿದ್ದರೆ ಆ ಗಂಟನ್ನೇ. ಮೆಚ್ಚಲಿಲ್ಲ.

ಕೇರಿಯವರು ಸೇರಿ ಕಟ್ಟಿಕೊಂಡ ಒಂದು ಏಡಿ ಸಂಘವಿತ್ತು. ಹೊಳೆಯ ಮೇಲೆ ತೇಲುವ ಪೆಟ್ಟಿಗೆಗಳಲ್ಲಿ ಬಡಕಲು ಏಡಿಗಳನ್ನು ಇಟ್ಟು ಕೊಬ್ಬಿಸುವುದು ಅದರ ಉದ್ದೇಶ. ಒಂದು ಪೆಟ್ಟಿಗೆಗೆ ಒಂದೇ ಏಡಿ. ಎರಡು ಇಟ್ಟರೆ ಸಂಜೆಗೆ ಒಂದೂವರೆ ಉಳಿಯುತ್ತದೆ. ನನ್ನ ಬಲಪಕ್ಕದ ಪೆಟ್ಟಿಗೆಯಲ್ಲಿ ಒಬ್ಬ ದೊಡ್ಡ ಗಂಡು. ದಿನವಿಡೀ ತನ್ನ ಕೊಂಬಿನ ಗಾತ್ರದ ಬಗ್ಗೆ ಮಾತಾಡುತ್ತಿದ್ದ. ಕೊಂಬಿನ ಬಗ್ಗೆ ಮಾತಾಡುವುದಕ್ಕೆ ಅವನಿಗೆ ಯಾವ ಅಧಿಕಾರವೂ ಇರಲಿಲ್ಲ, ಎರಡಕ್ಕೂ ಹುರಿ ಕಟ್ಟಿತ್ತು. ಬೆಳಗ್ಗೆ ಸಂಜೆ ಭೂತಾಯಿ ಮೀನಿನ ತಲೆ ಎಸೆಯುತ್ತಿದ್ದರು. ಅವನು ಸಂಘದವರನ್ನು ಅನ್ನದಾತರು ಎನ್ನುತ್ತಿದ್ದ.

ಮೂರನೆಯ ದಿನ ಬಚ್ಚಕ್ಕ ನನ್ನ ಪೆಟ್ಟಿಗೆಗೆ ಎರಡು ಬೊಗಸೆ ಹೊಯಿಗೆ, ಎಂದರೆ ಹೊಳೆಯ ಮರಳು, ಸುರಿದಳು. ಹೆರಿಯ ಹಿಂದೆಯೇ ನಿಂತಿದ್ದ.

"ಹೊಯ್ಗಿ ಎಂತಕ್, ಅತ್ಗೆ?"

"ಮೊಟ್ಟಿ ಹೊರ್ಗ್ ಹಾಕುಕೆ ಅಡಿಗ್ ಹೊಯ್ಗಿ ಬೇಕ್. ಇಲ್ದಿರೆ ಹೊಟ್ಟಿಗ್ ಅಂಟ್ದೇ ಉದ್ರಿ ಹೋತ್ತ್. ನನ್ನತ್ತಿ ಹೇಳದ್."

"ಮೊಟ್ಟಿ ಹಾಕ್ಸಿ ಬಿಡುದಾ? ಒಳ್ಗ್ ಕೆಂಪಿಪ್ಪು ಏಡಿ ಅಂದ್ರೆ ಹೋಟ್ಲಿನರ್ ಬಾಗ್ಲಗೇ ಬಂದ್ ನಿಂತ್ಕಂತ್ರ್!"

ಬಚ್ಚಕ್ಕ ಕೈ ಒರಸಿಕೊಂಡಳು. "ಮುಂಚೆ ಈ ಹೊಳಿಯಗೆ ಕೈ ಹಾಕ್ದಲ್ಲೆಲ್ಲ ಏಡಿ. ಈಗ ಹತ್ತ್ ಮಾಟಿ ಕೆದ್ಕಿರೆ ಒಂದ್. ಎಲ್ಲಾ ತಾಯಿಯನ್ನೂ ಹೋಟ್ಲಿಗೆ ಕಳ್ಸಿ, ಮಾಟಿ ಖಾಲಿ ಆರೆ ನಾನ್ ಎಂತ ಹಿಡುದ್? ನಿನ್ ಮೀಸಿಯಾ?"

ಅವಳಿಗೆ ನನ್ನ ಮೇಲೆ ಪ್ರೀತಿಯಿತ್ತೆಂದು ಭಾವಿಸಬೇಡಿ. ನಮ್ಮಿಬ್ಬರಲ್ಲಿ ಯಾರಿಗೂ ಆ ಕಾಯಿಲೆ ಇರಲಿಲ್ಲ. ಅವಳಿಗೆ ಮುಂದಿನ ವರ್ಷ ಮಾಟಿಗಳಲ್ಲಿ, ಎಂದರೆ ನಮ್ಮ ಬಿಲಗಳಲ್ಲಿ, ಏಡಿ ಬೇಕಿತ್ತು. ನನಗೆ ಮೊಟ್ಟೆಯೊಡನೆ ಸಮುದ್ರ ಬೇಕಿತ್ತು.

ಹೊಯಿಗೆಯಲ್ಲಿ ಹೊಟ್ಟೆ ಹುಗಿದು ಒಂದು ಬೆಳಗಿನ ಜಾವ ಮೊಟ್ಟೆ ಹಾಕಿದೆ. ಕಿತ್ತಳೆ ಬಣ್ಣದ ಒಂದು ಮುದ್ದೆ, ಮುಚ್ಚಳ ಮುಚ್ಚಲಾರದಷ್ಟು. ಅದರ ಲೆಕ್ಕಾಚಾರ ಸರಳ. ಹನ್ನೊಂದು ಹನ್ನೆರಡು ದಿನ ನೀರಾಡಿಸಿ, ಕಸ ಹೆಕ್ಕಿ, ಒದ್ದೆಯಾಗಿ ಇಟ್ಟುಕೊಳ್ಳಬೇಕು. ಕಿತ್ತಳೆಯದು ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ. ಕಪ್ಪು ಎಂದರೆ ಮರಿಗಳ ಕಣ್ಣು. ಕಣ್ಣು ಕಂಡ ಮೇಲೆ ಉಳಿಯುವುದು ಒಂದೆರಡು ದಿನ. ಅಷ್ಟರೊಳಗೆ ನಾನು ಅಳಿವೆಯ ಬಾಯಲ್ಲಿ ಇರಬೇಕು, ಅದೂ ಇಳಿತದಲ್ಲಿ. ಹೊಳೆಯೊಳಗೆ ಉಬ್ಬರದಲ್ಲಿ ಒಡೆದರೆ ನೀರು ಅವುಗಳನ್ನು ಮೇಲಕ್ಕೆ, ಸಿಹಿನೀರಿಗೆ ತಳ್ಳುತ್ತದೆ. ಒಂದೂ ಉಳಿಯುವುದಿಲ್ಲ.

ಬಚ್ಚಕ್ಕ ದಿನಾ ಬಂದು ಬಣ್ಣ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಇನ್ನೊಬ್ಬರೂ ನೋಡಿಬಿಟ್ಟರು.

ಅವರು ಸದಿಯ ಮಾಸ್ಟ್ರು, ಸಂಘದ ಅಧ್ಯಕ್ಷರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಎದುರಿಗಿರುವವರೆಲ್ಲ ಮೂರನೇ ಕ್ಲಾಸಿನವರು ಎಂಬ ನಂಬಿಕೆ ಅವರನ್ನು ಬಿಟ್ಟಿರಲಿಲ್ಲ. ನನ್ನ ಹೊಟ್ಟೆಯನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಬಿಡುವುದಾದರೆ ಸುಮ್ಮನೆ ಬಿಡುವುದೆಂದರೇನು, ಒಂದು ಕಾರ್ಯಕ್ರಮ ಆಗಬೇಡವೇ ಎಂದು ಅವರಿಗೆ ಹೊಳೆಯಿತು. ಮೇಲಿನ ಸಾಹೇಬರೊಬ್ಬರನ್ನು ಕರೆಯುವುದು; ಸಂಘಕ್ಕೆ ಹೆಸರು ಬರುತ್ತದೆ, ಸಾಹೇಬರಿಗೆ ಪುಣ್ಯ ಬರುತ್ತದೆ. ಏಡಿಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕಾರ್ಡು ಅಚ್ಚಾಯಿತು: 'ತಾಯಿ ಏಡಿಗೆ ಬೀಳ್ಕೊಡುಗೆ ಸಮಾರಂಭ. ಶುಕ್ರವಾರ, ಬೆಳಗ್ಗೆ ಒಂಬತ್ತೂವರೆ. ತಮಗೆ ಆದರದ ಸ್ವಾಗತ.'

ಬುಧವಾರ ಮೊಟ್ಟೆಯ ಅಂಚು ಕಪ್ಪಾಯಿತು. ಬಚ್ಚಕ್ಕ ಪೆಟ್ಟಿಗೆಯನ್ನೇ ಎತ್ತಿಕೊಂಡು ಮಾಸ್ಟ್ರ ಜಗಲಿಗೆ ಹೋದಳು.

"ಮಾಸ್ಟ್ರೇ, ಕಣ್ಣ್ ಕಾಂತ್ ಕಾಣಿ. ಇವತ್ತೋ ನಾಳಿಗೋ ಬಿಡ್ಕ್."

"ಅದ್ ಹ್ಯಾಂಗ್ ಆತ್ತ್ ಬಚ್ಚಿ? ಕಾರ್ಡಗೆ ಶುಕ್ರವಾರ ಅಂದೇಳಿ ಇತ್ತ್."

"ಇದ್ಕ್ ಓದುಕ್ ಬತ್ತಾ?"

ಮಾಸ್ಟ್ರು ಕನ್ನಡಕ ಏರಿಸಿಕೊಂಡರು. ಶಾಲೆಯಲ್ಲಿ ಇಂಥ ಪ್ರಶ್ನೆ ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. "ಶುಕ್ರವಾರ ಬೆಳಿಗ್ಗೆ ಇಳ್ತವೇ ಅಲ್ದಾ? ಒಂಬತ್ತೂವರೆಗ್ ಬಿಟ್ರೆ ಆಯ್ತ್. ಎಲ್ಲಾ ನಾನ್ ಕಂಡೇ ಇಟ್ದ್" ಎಂದರು. ಮಾತು ಸರಿಯಾಗಿಯೇ ಇತ್ತು. ಆ ದಿನ ಇಳಿತ ಬೆಳಗ್ಗೆಯಿಂದ ಮಧ್ಯಾಹ್ನದ ತನಕ. ಬಚ್ಚಕ್ಕ ಹಲ್ಲು ಕಚ್ಚಿ ವಾಪಸಾದಳು.

ಶುಕ್ರವಾರ ಬೆಳಗ್ಗೆ ನಾನು ಪೂರಾ ಕಪ್ಪಾಗಿದ್ದೆ. ದೋಣಿ ತಂಗುವ ದಕ್ಕೆಯ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಶಾಮಿಯಾನದ ನೆರಳು ಕುರ್ಚಿಗಳಿಗೆ ಸಾಕಾಯಿತು, ಮೇಜಿನ ತನಕ ಬರಲಿಲ್ಲ. ಮೇಜಿನ ಮೇಲೆ ಹಿತ್ತಾಳೆಯ ಹರಿವಾಣ, ಅದರಲ್ಲಿ ಅಡಿಕೆಯ ಹಿಂಗಾರ, ದಾಸವಾಳ, ನಡುವೆ ನಾನು. ಬಚ್ಚಕ್ಕ ಒದ್ದೆ ಗೋಣಿ ಹಾಸಲು ಬಂದರೆ ಮಾಸ್ಟ್ರು ತಡೆದರು. "ಗೋಣಿ ಹಾಕ್ರೆ ಫೋಟೋಕ್ ಚಂದ ಕಾಂತಿಲ್ಲೆ." ಸಣಬಿನ ಹುರಿಯೂ ಫೋಟೋಗೆ ಚಂದವಲ್ಲವೆಂದು ಅದನ್ನು ತೆಗೆಸಿ ಕೆಂಪು ಟೇಪು ಕಟ್ಟಿಸಿದರು. ಸಾಹೇಬರು ಕತ್ತರಿಯಿಂದ ಟೇಪು ಕತ್ತರಿಸುವುದು, ಅದೇ ಉದ್ಘಾಟನೆ. ಕತ್ತರಿಸಿದ ಮರುಕ್ಷಣ ಸಾಹೇಬರ ಬೆರಳು ಎಲ್ಲಿರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ನಾನು ಯೋಚಿಸಿದ್ದೆ. ಬಂದವರೊಬ್ಬರು ನನ್ನ ಬೆನ್ನಿಗೆ ಕುಂಕುಮ ಹಚ್ಚಿದರು.

ಒಂಬತ್ತೂವರೆಗೆ ಸಾಹೇಬರು ಬರಲಿಲ್ಲ. ಹತ್ತಕ್ಕೂ ಬರಲಿಲ್ಲ. ಹಿತ್ತಾಳೆ ಬಿಸಿಲಿಗೆ ಕಾಯುತ್ತಿತ್ತು. ಮುದ್ದೆಯ ಹೊರಮೈಯ ಮೊಟ್ಟೆಗಳು ಒಣಗಿ ಬಿಗಿಯುವುದು ನನಗೆ ತಿಳಿಯುತ್ತಿತ್ತು. ಮುಚ್ಚಳವನ್ನು ಆದಷ್ಟು ಎಳೆದುಕೊಂಡೆ. ಕಿವಿರಿನಲ್ಲಿ ಉಳಿದ ನೀರನ್ನು ತಿರುಗಿಸಿ ತಿರುಗಿಸಿ ಬಳಸಿದಾಗ ಬಾಯಲ್ಲಿ ನೊರೆ ಬರುತ್ತದೆ. ಏಡಿ ಒಣಗಿ ಸಾಯುವ ದಾರಿಯಲ್ಲಿದೆ ಎಂಬುದರ ಗುರುತು ಅದು.

"ಕಾಣಿ!" ಎಂದರು ಮಾಸ್ಟ್ರು ಮೈಕಿನಲ್ಲಿ. "ತಾಯಿ ಏಡಿಗೂ ಸಂತೋಷ ಉಕ್ಕಿ ಬರ್ತಾ ಇದೆ."

ಚಪ್ಪಾಳೆ.

ಬಚ್ಚಕ್ಕ ತಂಬಿಗೆಯಲ್ಲಿ ಹೊಳೆಯ ನೀರು ತಂದು ನನ್ನ ಮೇಲೆ ಚಿಮುಕಿಸಿದಳು. "ಮೇಜಿನ ಬಟ್ಟೆ, ಬಟ್ಟೆ!" ಎಂದು ಯಾರೋ ಕೂಗಿದರು. ಅವಳನ್ನು ಹಿಂದಿನ ಸಾಲಿಗೆ ಕಳಿಸಿದರು.

ಸಾಹೇಬರ ಜೀಪು ಹತ್ತು ಇಪ್ಪತ್ತೈದಕ್ಕೆ ಬಂತು. ಇನ್ನೂ ಒಂದೂವರೆ ಗಂಟೆ ಇಳಿತವಿತ್ತು. ಸಾಹೇಬರು ಇಳಿದರು, ಹಾರ ಹಾಕಿಸಿಕೊಂಡರು, ಕತ್ತರಿ ಕೈಗೆ ತೆಗೆದುಕೊಂಡರು. ಆಗ ಮಾಸ್ಟ್ರು ಗಡಿಯಾರ ನೋಡಿ ಬೆಚ್ಚಿಬಿದ್ದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.

"ಸಾರ್, ಕ್ಷಮಿಸಬೇಕು. ಶುಭಕಾರ್ಯ. ಹನ್ನೆರಡು ಗಂಟೆ ಕಳೆದು ಮಾಡುವ. ಅಷ್ಟರ ತನಕ ಉಪಾಹಾರ."

ಹಿಂದಿನ ಸಾಲಿನಿಂದ ಬಚ್ಚಕ್ಕ ಎದ್ದಳು. "ರಾಹುಕಾಲ ಮುಗಿಯತಿಗೆ ಇಳ್ತವೂ ಮುಗಿತ್ ಮಾಸ್ಟ್ರೇ! ಮತ್ತೆ ಭರ್ತ. ಭರ್ತಕ್ ಬಿಟ್ರೆ ಮರಿ ಎಲ್ಲಾ ಮೇಲ್ ಹೋಯಿ ಸಾಯ್ತೊ."

"ಹಾಂಗಂದೇಳಿ ರಾಹುಕಾಲದಗೆ ತಾಯಿಯನ್ನ್ ಕಳ್ಸುದಾ? ನಿನ್ ಮಗ್ಳನ್ನ್ ರಾಹುಕಾಲದಗೆ ಗಂಡನ್ ಮನಿಗ್ ಕಳ್ಸಿದ್ಯಾ?"

ಎಲ್ಲರೂ ತಲೆಯಾಡಿಸಿದರು. ಆ ಶಾಮಿಯಾನದಡಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಹೊಳೆಯ ಮೇಲೆ ಹುಟ್ಟಿ ಬೆಳೆದವರು. ನೀರಿಗೆ ಒಂದು ಬೆರಳು ಇಟ್ಟರೆ ಇಳಿತ ಎಷ್ಟು ಉಳಿದಿದೆ ಎಂದು ಹೇಳಬಲ್ಲವರು. ಇಳಿತ ತಪ್ಪಿದ್ದಕ್ಕೆ ಬಲೆಯನ್ನೂ ದೋಣಿಯನ್ನೂ ಒಮ್ಮೆಯಾದರೂ ಕಳೆದುಕೊಂಡವರು. ಆದರೆ ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಇಸ್ತ್ರಿ ಅಂಗಿಯೊಳಗೆ ಮನುಷ್ಯನಿಗೆ ಹೊಳೆ ಕಾಣಿಸುವುದಿಲ್ಲ, ಗಡಿಯಾರ ಕಾಣಿಸುತ್ತದೆ. ಎಲ್ಲರೂ ಉಪಾಹಾರಕ್ಕೆ ಎದ್ದರು.

ಉಪಾಹಾರ ಏನೆಂದು ನಿಮಗೆ ಹೇಳಬೇಕು. ನೀರುದೋಸೆ ಮತ್ತು ಏಡಿ ಗಸಿ. ನನ್ನ ಎಡಪಕ್ಕದ ಆರು ಪೆಟ್ಟಿಗೆಗಳು ಬೆಳಗ್ಗೆಯೇ ಖಾಲಿಯಾಗಿದ್ದವು. ಸಾಹೇಬರು ಶುಕ್ರವಾರ ಮೀನು ಮುಟ್ಟುವವರಲ್ಲ. ಏಡಿ ಮೀನಲ್ಲ ಎಂಬ ತೀರ್ಮಾನಕ್ಕೆ ಎರಡನೆಯ ದೋಸೆಯ ಹೊತ್ತಿಗೆ ಬಂದರು. ಏಡಿ ಸಂತತಿಯನ್ನು ಉಳಿಸುವ ಬಗ್ಗೆ ಒಂದು ಕಾಲನ್ನು ಚೀಪುತ್ತ ಚೆನ್ನಾಗಿ ಮಾತಾಡಿದರು ಎಂದು ಕೇಳಿದ್ದೇನೆ.

ಮೇಜಿನ ಹತ್ತಿರ ಯಾರೂ ಇರಲಿಲ್ಲ. ಬಚ್ಚಕ್ಕ ಬಂದಳು. ತಂಬಿಗೆಯ ನೀರನ್ನು ಪೂರಾ ನನ್ನ ಮೇಲೆ ಸುರಿದು, ಒದ್ದೆ ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಇರುಕಿಸಿಕೊಂಡಳು. ಪೆಟ್ಟಿಗೆಯಿಂದ ಆ ಮಾತುಗಾರ ಗಂಡನ್ನು ತೆಗೆದು, ಉಳಿದ ಕೆಂಪು ಟೇಪನ್ನು ಅವನ ಹುರಿಯ ಮೇಲೆ ಸುತ್ತಿ ಹರಿವಾಣದಲ್ಲಿ ಕೂರಿಸಿದಳು. ಬೆನ್ನಿಗೆ ಕುಂಕುಮ ಹಚ್ಚಿದಳು. ಹೊಟ್ಟೆಯ ಸಪೂರ ಮುಚ್ಚಳ ಕಾಣದಂತೆ ಎರಡು ದಾಸವಾಳ ಒತ್ತಿದಳು. ಹೊಟ್ಟೆಯಡಿ ಒಂದು ಮೊಟ್ಟೆಯೂ ಇಲ್ಲದ ಆ ಗಂಡು ತಾಯಿಯಾಗಿ ಕೂತುಕೊಂಡ. ಅವನಿಗೆ ಹೂವು ಬಹಳ ಇಷ್ಟವಾಯಿತು.

ದಕ್ಕೆಯ ಮೆಟ್ಟಿಲಿನಲ್ಲಿ ಹೆರಿಯ ಕೈ ತೊಳೆಯುತ್ತಿದ್ದ.

"ಎಲ್ಲಿಗ್ ಅತ್ಗೆ?"

"ಕಾಲ್ ತೊಳುಕೆ."

"ದೋಣಿಯಗೆ?"

"ದೂರ್ದಗೆ ತೊಳಿತೆ. ನೀನ್ ಹೋಯಿ ದೋಸಿ ತಿನ್."

ಹೆರಿಯ ಅವಳ ಕಂಕುಳಿನ ಸೆರಗು ಅಲುಗಾಡುವುದನ್ನು ನೋಡಿದ. ನೋಡಿ, ಜೀವನದಲ್ಲಿ ಮೊದಲ ಸಲ ಅಭಿಪ್ರಾಯ ಹೇಳದೆ, ದೋಸೆಗೆ ಹೋದ.

ಇಳಿತ ಕೊನೆಗೆ ಬಂದಿತ್ತು, ಬಲವಿರಲಿಲ್ಲ. ಬಚ್ಚಕ್ಕ ಹುಟ್ಟು ಹಾಕಿದಳು. ಕಾಂಡ್ಲಾ ಹಿಂದೆ ಸರಿಯಿತು, ನೀರಿನ ಬಣ್ಣ ಕಂದಿನಿಂದ ಹಸಿರಾಯಿತು. ದೋಣಿಯ ತಳದಲ್ಲಿ ನಿಂತ ನೀರಿನಲ್ಲಿ ನನ್ನನ್ನು ಇಟ್ಟಿದ್ದಳು. ಮುದ್ದೆಯೊಳಗೆ ಕೆಲವು ಆಗಲೇ ಒಡೆಯತೊಡಗಿದ್ದವು. ಮುಚ್ಚಳ ಬಿಗಿಹಿಡಿದೆ.

"ತಡಿ ಮಾರಾಯ್ತಿ, ತಡಿ. ಇನ್ನೊಂದ್ ಗಳ್ಗಿ" ಎಂದಳು ಅವಳು, ಉಸಿರು ಕಟ್ಟಿ. "ನಾನ್ ಮೂರ್ ಹೆತ್ತವ್ಳ್. ನಂಗೂ ಗೊತ್ತಿತ್ತ್."

ಮೂರು! ಕೆಲವು ಹೋಲಿಕೆಗಳಿಗೆ ಉತ್ತರ ಕೊಡದಿರುವುದೇ ಮರ್ಯಾದೆ.

ಅಳಿವೆಯ ಬಾಯಲ್ಲಿ ಅಲೆ ತಾಗಿ ದೋಣಿ ಎದ್ದಿತು. ಅವಳು ಮೀನು ಕೊಯ್ಯುವ ಕತ್ತಿಯಿಂದ ಟೇಪು ಕತ್ತರಿಸಿದಳು. ಭಾಷಣವಿರಲಿಲ್ಲ. ಕೊಂಬು ಬಿಡಿಸಿಕೊಂಡ ಆ ಕ್ಷಣ ನಾನು ಅವಳ ಹೆಬ್ಬೆರಳನ್ನು ಹಿಡಿದು, ಮೂಳೆ ಸಿಗುವ ತನಕ ಒತ್ತಿದೆ.

"ಅಯ್ಯೋ ನಿನ್ ಹೆಣ ಎತ್ತ! ಹಾಳಾದ್ ಮುಂಡಿ! ಬಿಡ್!"

ಬಿಟ್ಟೆ. ನೀರಿಗೆ ಬಿದ್ದೆ. ಅವಳು ಬೆರಳು ಬಾಯಿಗಿಟ್ಟುಕೊಂಡು ಬೈಯುತ್ತಿದ್ದುದು ಎರಡು ಮಾರು ಆಳದ ತನಕ ಕೇಳಿಸಿತು. ಕೃತಜ್ಞತೆ ಎಂಬುದು ಹಿಡಿದವರಿಗೆ ಹಿಡಿಸಿಕೊಂಡವರು ಕೊಡಬೇಕಾದದ್ದು ಎಂದು ನೀವು ನಂಬಿದ್ದರೆ, ನಿಮ್ಮ ಹೆಬ್ಬೆರಳನ್ನೂ ತನ್ನಿ.

ಮಿಕ್ಕ ಕತೆಯನ್ನು ಹೇಳಿದ್ದು ಆ ಗಂಡು. ಮರುವರ್ಷ ಕಾಂಡ್ಲಾದ ಕೆಸರಿನಲ್ಲಿ ಸಿಕ್ಕಿದ್ದ. ಗಂಡಿನ ಮಾತಿನಲ್ಲಿ ಅರ್ಧ ಕಳೆಯಬೇಕು. ಕಳೆದು ಉಳಿದದ್ದು ಇಷ್ಟು. ಹನ್ನೆರಡು ದಾಟಿದ ಮೇಲೆ ಸಾಹೇಬರು ದೂರದಿಂದ ಕೈ ಚಾಚಿ ಟೇಪು ಕತ್ತರಿಸಿದರು. ಒಳಗೆ ಹುರಿ ಇದ್ದುದರಿಂದ ಬೆರಳು ಉಳಿಯಿತು. ಹರಿವಾಣವನ್ನು ಹೂವಿನ ಸಮೇತ ಹೊಳೆಗೆ ಮಗುಚಿದರು. "ಹೋಗಿ ಬಾ ತಾಯೇ" ಎಂದು ಮಾಸ್ಟ್ರು ಕಣ್ಣೊರಸಿಕೊಂಡರು. ಕೇರಿಯ ಹೆಂಗಸರು ಕೂಡ ಮೂಗು ಎಳೆದುಕೊಂಡರಂತೆ. ಏಡಿಯ ಗಂಡು ಹೆಣ್ಣು ಹೊಟ್ಟೆ ನೋಡಿದರೆ ಆ ಕೇರಿಯ ಮೂರು ವರ್ಷದ ಕೂಸಿಗೂ ಗೊತ್ತಾಗುತ್ತದೆ. ಹೊಟ್ಟೆ ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಫೋಟೋ ನೋಡುತ್ತಿದ್ದರು. ಹುರಿ ಕಟ್ಟಿದ ಕೊಂಬಿನೊಡನೆ ಗಂಡು ತೇಲುತ್ತ ಒದ್ದಾಡುವುದನ್ನು ಕಂಡು ಹೆರಿಯ ಸಂಜೆ ಅವನನ್ನು ಎತ್ತಿ ಹುರಿ ಬಿಚ್ಚಿ ಬಿಟ್ಟನಂತೆ. ಇದನ್ನು ಕಂಡು ಹೇಳಿದ್ದು ದಡದ ಬೇರೆ ಏಡಿಗಳು; ಗಂಡು ಮಾತ್ರ ತಾನೇ ಹುರಿ ಹರಿದುಕೊಂಡೆ ಎಂದು ಹೇಳಿದ. ತಾನು ತಾಯಿಯಾಗಿದ್ದ ದಿನದ ಬಗ್ಗೆ ಮಾತಾಡುವಾಗ ಅವನ ಕಣ್ಣಿನ ಕಡ್ಡಿಗಳು ನೆಟ್ಟಗಾಗುತ್ತಿದ್ದವು.

ನನಗೀಗ ವಯಸ್ಸಾಗಿದೆ. ಇನ್ನು ಪೊರೆ ಬಿಡುವುದಿಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಚಿಪ್ಪುಜೀವಿಗಳು ಮನೆ ಕಟ್ಟಿವೆ, ಎಡಬದಿಯ ಒಂದು ಕಾಲು ಯಾವುದೋ ಜಗಳದಲ್ಲಿ ಹೋಯಿತು, ಮತ್ತೆ ಬರುವುದಿಲ್ಲ. ಬಿಲದ ತಳದಲ್ಲಿ ನೀರು ಏರುವುದನ್ನೂ ಇಳಿಯುವುದನ್ನೂ ಕೇಳುತ್ತ ಕೂತಿದ್ದೇನೆ. ಅದು ಯಾರ ಗಡಿಯಾರವನ್ನೂ ನೋಡುವುದಿಲ್ಲ. ನನ್ನ ಜೀವನದಲ್ಲಿ ನಾನು ಕಂಡ ಮನುಷ್ಯರಲ್ಲಿ ತಿಳಿಯದೆ ತಪ್ಪು ಮಾಡಿದವರು ಕಡಿಮೆ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದು ಬೆಳಗಿನ ಮಟ್ಟಿಗೆ ಮನೆಯಲ್ಲಿ ಬಿಟ್ಟು ಬಂದಿದ್ದರು, ಅಷ್ಟೆ. ಬಚ್ಚಕ್ಕನಿಗೆ ಬಿಟ್ಟು ಬರುವಂಥ ಬೇರೆ ಸೀರೆಯೂ ಇರಲಿಲ್ಲ, ಬೇರೆ ಬುದ್ಧಿಯೂ ಇರಲಿಲ್ಲ. ಇದನ್ನು ಹೊಗಳಿಕೆ ಎಂದು ಓದಬೇಡಿ.

ಮೊಟ್ಟೆಗಳಲ್ಲಿ ಕಾಲುಭಾಗ ಹರಿವಾಣದಲ್ಲೇ ಒಣಗಿ ಸತ್ತಿದ್ದವು. ಉಳಿದವು ಅಳಿವೆಯ ಹೊರಗೆ ಒಡೆದು ಇಳಿತದೊಡನೆ ಸಮುದ್ರಕ್ಕೆ ಹೋದವು. ಮರುವರ್ಷದ ಮಳೆ ಕಳೆದ ಮೇಲೆ ಕಾಂಡ್ಲಕೇರಿಯ ಬಿಲಗಳಲ್ಲಿ ಏಡಿಗಳಿದ್ದವು. ಬಚ್ಚಕ್ಕ ಹಿಡಿದಳು.